ನಗೆಗೂ ರಹದಾರಿಯೆ?

ವಿದ್ಯಾವಂತರ ಮನೆಗಳಲ್ಲಿ ಒಂದು ವಿಲಕ್ಷಣವಾದ ಸಂಕೋಚವು ಬಹುಕಾಲದಿಂದ ಬೇರೂರಿ ನಿಂತಿದೆ. ಮನೆಯ ಯಜಮಾನರು ದಪ್ಪನೆಯ ತತ್ತ್ವಗ್ರಂಥವೊಂದನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದರೆ ಅದು ವ್ಯಾಸಂಗವೆನಿಸುತ್ತದೆ; ಅದೇ ಮನೆಯ ಮಗಳು ನಗೆಯ ಕಾದಂಬರಿಯೊಂದನ್ನು ಒಂದಕ್ಷರವನ್ನೂ ಬಿಡದೆ ಎಚ್ಚರವಾಗಿ ಓದುತ್ತಿದ್ದರೆ ಅದು ಕಾಲಹರಣವೆನಿಸುತ್ತದೆ. ಏನು ಓದುತ್ತಿರುವೆಯೆಂದು ಕೇಳಿದರೆ ಅವಳು ಪುಸ್ತಕವನ್ನು ಅರ್ಧ ಮುಚ್ಚಿ, ‘ಏನೂ ಇಲ್ಲ, ಸುಮ್ಮನೆ’ ಎನ್ನುತ್ತಾಳೆ. ಆ ‘ಸುಮ್ಮನೆ’ ಎಂಬ ಮಾತಿನಲ್ಲಿ ಇರುವ ಅಪರಾಧಭಾವವನ್ನು ಅವಳಿಗೆ ಕಲಿಸಿದವರು ಯಾರು, ಯಾವ ಅಧಿಕಾರದಿಂದ ಕಲಿಸಿದರು ಎಂಬುದು ವಿಚಾರಮಾಡತಕ್ಕ ವಿಷಯ.

ಆ ಕಾದಂಬರಿಯು ಭಾರತೀಯನೊಬ್ಬನಿಂದ ಇಂಗ್ಲೀಷಿನಲ್ಲಿ ರಚಿತವಾದದ್ದಾದರೆ ಅಪರಾಧವು ಇಮ್ಮಡಿಯಾಗುತ್ತದೆ. ಆಗ ಅದು ಮೂರು ಸುಂಕದಕಟ್ಟೆಗಳನ್ನು ದಾಟಬೇಕು. ಮೊದಲನೆಯ ಕಟ್ಟೆಯಲ್ಲಿ ಕುಳಿತಿರುವವರು ಭಾಷಾಭಿಮಾನಿಗಳು; ‘ಇದು ನಮ್ಮದಲ್ಲ’ ಎಂದು ಅವರು ತಡೆಯುತ್ತಾರೆ. ಎರಡನೆಯದರಲ್ಲಿ ಗಂಭೀರ ವಿಮರ್ಶಕರು. ‘ಇದರಿಂದ ಲೋಕಕ್ಕೆ ಏನು ಸಂದೇಶ?’ ಎಂದು ಅವರು ಗಂಟು ಬಿಚ್ಚಿಸಿ ನೋಡುತ್ತಾರೆ. ಮೂರನೆಯ ಕಟ್ಟೆಯವರು ಹಾಗೆಯೇ ಬಿಟ್ಟುಬಿಡುತ್ತಾರೆ. ಏಕೆಂದರೆ ಹೊರದೇಶದ ದೊಡ್ಡವರು ಅದನ್ನು ಹೊಗಳಿದ್ದಾರೆಂಬ ಕಾಗದ ಅವರ ಕೈಯಲ್ಲಿರುತ್ತದೆ. ಈ ಮೂವರಲ್ಲಿ ಯಾರೊಬ್ಬರೂ ಪುಸ್ತಕವನ್ನು ಓದಿ ನಕ್ಕವರಲ್ಲ. ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳುವುದು ವ್ಯರ್ಥವೆಂದು ಗಾದೆಯಿದ್ದರೂ, ಒಮ್ಮೆಯಾದರೂ ಹೇಳಿನೋಡಬೇಕಾಗಿದೆ.

ವಾದವು ಗಾಳಿಯಲ್ಲಿ ತೇಲದಿರಲೆಂದು ಒಂದೇ ಒಂದು ಪುಸ್ತಕವನ್ನು ತೆಗೆದುಕೊಳ್ಳಬಹುದು. ಆರ್. ಕೆ. ನಾರಾಯಣರ ‘ದಿ ಮ್ಯಾನ್‌ಈಟರ್ ಆಫ್ ಮಾಲ್ಗುಡಿ’ ಎಂಬ ಕಾದಂಬರಿ 1961ರಲ್ಲಿ ಪ್ರಕಟವಾಯಿತು. ‘ಮಾಲ್ಗುಡಿಯ ನರಭಕ್ಷಕ’ನೆಂಬ ಹೆಸರನ್ನು ಕೇಳಿ ಹುಲಿಬೇಟೆಯ ಕಥೆಯೆಂದು ಕೊಂಡವರಿಗೆ ಮೊದಲ ಪುಟದಲ್ಲಿಯೇ ನಿರಾಶೆ ಕಾದಿರುತ್ತದೆ. ಅಲ್ಲಿರುವವನು ನಟರಾಜನೆಂಬ ಸಾಧುಪ್ರಾಣಿ, ಮಾಲ್ಗುಡಿಯ ಪೇಟೆಬೀದಿಯಲ್ಲಿ ಸಣ್ಣದೊಂದು ಅಚ್ಚುಕೂಟದ ಒಡೆಯ. ಮುಂದಿನ ಕೋಣೆಗೂ ಹಿಂದಿನ ಯಂತ್ರಕ್ಕೂ ನಡುವೆ ಒಂದು ನೀಲಿ ತೆರೆ. ತೆರೆಯ ಹಿಂದೆ ಶಾಸ್ತ್ರಿಗಳು: ಮೊಳೆ ಜೋಡಿಸುವವರು ಅವರೇ, ಕರಡು ತಿದ್ದುವವರು ಅವರೇ, ಅಚ್ಚು ಹಾಕುವವರು, ರಟ್ಟು ಕಟ್ಟುವವರು ಎಲ್ಲವೂ ಅವರೇ. ತೆರೆಯ ಮುಂದೆ ದಿನವೂ ಬಂದು ಕೂಡುವ ಮಿತ್ರರು: ಕೃಷ್ಣಕಥೆಯನ್ನು ಒಂದೊಂದೇ ಉಚ್ಚಾರದ ಇಂಗ್ಲೀಷು ಪದಗಳಿಂದ ಮಹಾಕಾವ್ಯವಾಗಿ ಬರೆಯುತ್ತಿರುವ ಒಬ್ಬ ಕವಿ, ಸರಕಾರವನ್ನು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಉರುಳಿಸುವ ಸೇನನೆಂಬ ಪತ್ರಕರ್ತ. ಗಿರಾಕಿಗಳೂ ಇದ್ದಾರೆ: ಬಣ್ಣದ ಸೋಡಾ ಸೀಸೆಗಳಿಗೆ ಚೀಟಿ ಅಚ್ಚುಹಾಕಿಸುವವನೊಬ್ಬ, ಮಗಳ ಮದುವೆಯ ಲಗ್ನಪತ್ರಿಕೆಯನ್ನು ಸಾಲವಾಗಿ ಅಚ್ಚುಹಾಕಿಸಿಕೊಂಡ ವಕೀಲನೊಬ್ಬ. ಮೊಕದ್ದಮೆಗಳಿಗೆ ವಾಯಿದೆ ಕೇಳುವುದರಲ್ಲಿಯೇ ಹೆಸರುಪಡೆದ ಈ ವಕೀಲನು ಅಚ್ಚುಕೂಟದ ಬಾಕಿಗೂ ವಾಯಿದೆಯನ್ನೇ ಕೊಡುತ್ತಾನೆ. ಇಂಥ ವಕೀಲರನ್ನು ಅರಿಯದ ತಾಲ್ಲೂಕು ಕಚೇರಿ ಈ ಸೀಮೆಯಲ್ಲಿ ಇದ್ದರೆ ಅದು ಪುಣ್ಯಕ್ಷೇತ್ರವೇ ಸರಿ.

ಈ ಶಾಂತಿಯ ನಡುವೆ ವಾಸು ಎಂಬವನು ನೀಲಿ ತೆರೆಯನ್ನು ಸರಿಸಿಕೊಂಡು ಒಳನುಗ್ಗುತ್ತಾನೆ. ಆ ತೆರೆಯನ್ನು ಯಾರೂ ದಾಟಬಾರದೆಂಬುದು ಆ ಅಚ್ಚುಕೂಟದ ಅಲಿಖಿತ ಶಾಸನ. ಅದನ್ನು ಮುರಿಯುವುದೇ ಅವನ ಪ್ರವೇಶ. ಅವನು ಎಂ. ಎ. ಓದಿದವನು, ಪೈಲ್ವಾನನ ಕೈಯಲ್ಲಿ ಪಳಗಿ ಗುರುವಿಗೇ ಪೆಟ್ಟುಕೊಟ್ಟವನು, ಸತ್ತ ಪ್ರಾಣಿಗಳ ಚರ್ಮದೊಳಗೆ ತುಂಬುವುದನ್ನು ತುಂಬಿ ಬದುಕಿದ್ದಂತೆ ನಿಲ್ಲಿಸುವ ಕಸಬಿನವನು. (ಈ ಕಸಬು ಕಾದಂಬರಿಕಾರನ ಕನಸಲ್ಲ. ಇಪ್ಪತ್ತನೆಯ ಶತಮಾನದಲ್ಲಿ ರಾಜಮಹಾರಾಜರ ಹುಲಿಚಿರತೆಗಳೆಲ್ಲ ಹೀಗೆ ಮರುಹುಟ್ಟು ಪಡೆಯುತ್ತಿದ್ದ ವ್ಯಾನ್ ಇಂಗೆನ್ ಸಹೋದರರ ಹೆಸರಾಂತ ಕಾರ್ಖಾನೆ ಮೈಸೂರಿನಲ್ಲಿಯೇ ಇತ್ತು.) ಅಚ್ಚುಕೂಟದ ಮೇಲಿನ ಅಟ್ಟದಲ್ಲಿ ಬೀಡುಬಿಟ್ಟ ವಾಸು ಬಾಡಿಗೆಯ ಮಾತನ್ನೇ ಎತ್ತುವುದಿಲ್ಲ. ಮೆಂಪಿ ಕಾಡಿನ ಮೃಗಗಳು, ನೆರೆಯವರ ನಾಯಿ, ಎಲ್ಲವೂ ಅವನ ಅಟ್ಟವನ್ನು ಸೇರುತ್ತವೆ. ಮನೆಯೊಡೆಯನು ಕೊಂಚ ಗೊಣಗಿದರೆ, ಬಾಡಿಗೆದಾರನನ್ನು ಹೊರಹಾಕಲು ಪೀಡಿಸುತ್ತಿದ್ದಾನೆಂದು ಬಾಡಿಗೆಯ ಅಧಿಕಾರಿಗೆ ದೂರು ಕೊಡುವವನೂ ಅವನೇ. ಕೊನೆಗೆ ದೇವಸ್ಥಾನದ ಆನೆಯಾದ ಕುಮಾರನ ಮೇಲೆ ಅವನ ಕಣ್ಣು ಬೀಳುತ್ತದೆ. ಉತ್ಸವವು ಅಟ್ಟದ ಕಿಟಕಿಯ ಕೆಳಗೆ ಹಾದುಹೋಗುವಾಗ ಅದನ್ನು ಗುಂಡಿಟ್ಟು ಕೊಲ್ಲುವೆನೆಂದು ಅವನ ಸಂಕಲ್ಪ.

ನಗುವುದೆಲ್ಲಿ ಎಂದು ಕೇಳಿದರೆ, ನಟರಾಜನು ವಾಸುವನ್ನು ಹೊರಗೆ ಹೋಗೆನ್ನಲಾರನೆಂಬಲ್ಲಿ. ಪುಸ್ತಕದ ಉದ್ದಕ್ಕೂ ಆ ಒಂದು ಮಾತು ಅವನ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಹೇಳಬೇಕೆಂದು ಮೆಟ್ಟಿಲು ಹತ್ತುತ್ತಾನೆ, ಕುಶಲಪ್ರಶ್ನೆ ಮಾಡಿ ಇಳಿದುಬರುತ್ತಾನೆ. ವಾಸು ಬಾರದಿದ್ದರೆ ನೆಮ್ಮದಿ ಪಡಬೇಕಾದವನು, ಅವನಿಗೆ ತನ್ನ ಮೇಲೆ ಮುನಿಸೇನೋ ಎಂದು ಕೊರಗುತ್ತಾನೆ. ಈ ಮನಸ್ಥಿತಿಗೆ ಇಂಗ್ಲೀಷಿನಲ್ಲಿ ಒಂದೇ ಪದವಿಲ್ಲ. ವಿನಯವೆಂದರೆ ಸಾಲದು, ಅಂಜಿಕೆಯೆಂದರೆ ತಪ್ಪಾಗುತ್ತದೆ, ಔದಾರ್ಯವೆಂದರೆ ಹೆಚ್ಚಾಗುತ್ತದೆ. ಕನ್ನಡದಲ್ಲಿ ಪದವಿದೆ: ದಾಕ್ಷಿಣ್ಯ. ಇನ್ನೂರು ಪುಟಗಳನ್ನು ಮೀರಿದ ಇಂಗ್ಲೀಷು ಕಾದಂಬರಿಯೊಂದು ಇಂಗ್ಲೀಷಿನಲ್ಲಿ ಹೆಸರೇ ಇಲ್ಲದ ಒಂದು ಗುಣವನ್ನು ಕುರಿತದ್ದಾಗಿದೆ. ಆ ಹೆಸರು ಕನ್ನಡ ಓದುಗನ ನಾಲಗೆಯ ತುದಿಯಲ್ಲಿದೆ. ತಿಂಗಳುಗಟ್ಟಲೆ ಠಿಕಾಣಿ ಹೂಡಿದ ದೂರದ ನಂಟ, ಹಿಂದಿರುಗಿ ಬಾರದ ಕೈಸಾಲ, ಒಲ್ಲೆನೆನ್ನಲಾರದೆ ಒಪ್ಪಿಕೊಂಡ ಸಭೆಯ ಅಧ್ಯಕ್ಷತೆ, ಇವೆಲ್ಲ ಯಾವ ಮನೆಯಲ್ಲಿ ನಡೆದಿಲ್ಲ? ದಾಕ್ಷಿಣ್ಯವನ್ನು ಕುರಿತು ಮನೆಯ ಹಿರಿಯ ಹೆಂಗಸರು ಆಡುವ ಗಾದೆಯೊಂದುಂಟು. ಅದನ್ನು ಅಚ್ಚಿನಲ್ಲಿ ಕಾಣಿಸಲು ದಾಕ್ಷಿಣ್ಯವೇ ಅಡ್ಡಬರುತ್ತದೆ. ಲಂಡನ್ನಿನ ಓದುಗನು ಈ ಕಥೆಯಲ್ಲಿ ಒಬ್ಬ ದುರ್ಬಲನನ್ನು ಕಂಡು ಮುಗುಳ್ನಗಬಹುದು. ಮೈಸೂರಿನ, ಧಾರವಾಡದ, ಹಾಸನದ ಓದುಗನು ತನ್ನ ತಂದೆಯನ್ನೋ ಸೋದರಮಾವನನ್ನೋ ಕಂಡು ನಗುತ್ತಾನೆ. ಕೊಂಚ ತಡವಾಗಿ ತನ್ನನ್ನೇ ಕಂಡು ನಗು ನಿಲ್ಲಿಸುತ್ತಾನೆ.

ಇಷ್ಟೇ ಅಲ್ಲ. ವಾಸುವು ಎಂಥವನೆಂಬುದನ್ನು ಮೊದಲು ಗುರುತಿಸುವವರು ನೀಲಿ ತೆರೆಯ ಹಿಂದಿನ ಶಾಸ್ತ್ರಿಗಳು. ರಾಕ್ಷಸಲಕ್ಷಣವೇನೆಂದು ಅವರು ಮೊಳೆ ಜೋಡಿಸುತ್ತಲೇ ವಿವರಿಸುತ್ತಾರೆ: ಬಲವುಂಟು, ವರವುಂಟು, ಲೋಕನಿಯಮಕ್ಕೆ ತಾನು ಒಳಗಲ್ಲವೆಂಬ ಗರ್ವವುಂಟು, ಅದರೊಡನೆ ತನ್ನ ನಾಶದ ಬೀಜವೂ ತನ್ನೊಳಗೇ ಉಂಟು. ರಾವಣ, ಮಹಿಷಾಸುರ, ಭಸ್ಮಾಸುರ. ಉತ್ಸವದ ಹೊತ್ತಿಗೆ ಆನೆಯನ್ನು ಉಳಿಸುವ ಯಾವ ಉಪಾಯವೂ ತೋಚದೆ ನಟರಾಜನು ದೇವರ ಸನ್ನಿಧಿಯಲ್ಲಿ ನಿಂತು, ಗಜೇಂದ್ರನನ್ನು ಮೊಸಳೆಯ ಬಾಯಿಂದ ಬಿಡಿಸಿದ ವಿಷ್ಣುವನ್ನು ನೆರೆದವರೆಲ್ಲ ಬೆಚ್ಚುವಂತೆ ಕೂಗಿ ಕರೆಯುತ್ತಾನೆ. ಸುದರ್ಶನ ಚಕ್ರ ಬರುವುದಿಲ್ಲ. ಬರುವುದು ಸೊಳ್ಳೆ. ಹಣೆಯ ಮೇಲೆ ಕುಳಿತ ಸೊಳ್ಳೆಗಳನ್ನು ಕೊಲ್ಲಲು, ಕಬ್ಬಿಣವನ್ನು ಮುರಿಯುವ ತನ್ನ ಅಂಗೈಯನ್ನು ತನ್ನ ಹಣೆಗೇ ಬಡಿದುಕೊಂಡು ವಾಸು ಸಾಯುತ್ತಾನೆ. ಮೋಹಿನಿಯ ನಾಟ್ಯವನ್ನು ಅನುಕರಿಸುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ ಭಸ್ಮಾಸುರನನ್ನು ಯಕ್ಷಗಾನದ ರಂಗದಲ್ಲಿ ಕಂಡು ಬೆಳೆದ ಕರಾವಳಿಯ ಹುಡುಗನಿಗೆ ಇದನ್ನು ಯಾರಾದರೂ ಅರ್ಥಮಾಡಿಸಬೇಕೆ? ಪುರಾಣವು ಪೇಟೆಬೀದಿಗೆ ಇಳಿದುಬಂದಾಗ ದೇವರ ಪಾತ್ರವನ್ನು ಸೊಳ್ಳೆಗೆ ವಹಿಸಿದ್ದಾರೆಂಬ ಪರಿಹಾಸವು ಪುರಾಣವನ್ನು ಬಲ್ಲವನಿಗೆ ಮಾತ್ರ ಪೂರ್ತಿಯಾಗಿ ದಕ್ಕುತ್ತದೆ. ಒಂದೊಂದೇ ಉಚ್ಚಾರದ ಪದಗಳ ಕವಿಯೂ ಹಾಗೆಯೇ. ಏಕಾಕ್ಷರಿ, ನಿರೋಷ್ಠ್ಯ ಎಂದು ಕವಿಗಳು ತಮ್ಮ ಕಾಲಿಗೆ ತಾವೇ ಹಗ್ಗ ಕಟ್ಟಿಕೊಂಡು ಕುಣಿದ ಚಿತ್ರಕಾವ್ಯವನ್ನು ಕಂಡವರಿಗೆ ಅವನು ಹಳೆಯ ಬಂಧು.

ಹೀಗಿರುವಲ್ಲಿ ‘ಇದು ನಮ್ಮದಲ್ಲ’ ಎಂಬ ಮೊದಲನೆಯ ಕಟ್ಟೆಯವರ ವಾದವು ಯಾವ ಆಧಾರದ ಮೇಲೆ ನಿಲ್ಲುತ್ತದೆ? ಭಾಷೆಯ ಆಧಾರದ ಮೇಲೆ ಎನ್ನಬಹುದು. ಮಾಸ್ತಿಯವರ ಮನೆಮಾತು ತಮಿಳು, ಆದರೂ ಅವರು ಕನ್ನಡದಲ್ಲಿ ಬರೆದರು. ತಮಿಳು ಮನೆಯ ನಾರಾಯಣರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಮೈಸೂರಿನಲ್ಲಿಯೇ ದಶಕಗಳ ಕಾಲ ಬಾಳಿ, ಕನ್ನಡದಲ್ಲಿ ಏಕೆ ಬರೆಯಲಿಲ್ಲವೆಂಬುದು ಈ ವಾದದ ಮೊನೆ. ಬರೆದಿದ್ದರೆ ಕನ್ನಡಕ್ಕೆ ದೊಡ್ಡ ಲಾಭವಾಗುತ್ತಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ನೆರೆಮನೆಯ ಮಾವಿನಮರವು ತನ್ನ ಹಿತ್ತಲಲ್ಲಿ ಹುಟ್ಟಲಿಲ್ಲವೆಂಬ ವ್ಯಸನದಿಂದ, ಇತ್ತಕಡೆ ಬಾಗಿದ ಕೊಂಬೆಯ ಹಣ್ಣನ್ನೂ ತಿನ್ನಬಾರದೆಂಬುದು ಅಭಿಮಾನವಲ್ಲ, ಬರಿಯ ಹಟ. ಕೈಲಾಸಂ ಅವರ ಉದಾಹರಣೆಯನ್ನೇ ನೋಡಬಹುದು. ಅವರ ಮನೆಯೂ ತಮಿಳು. ನಗೆಯ ನಾಟಕಗಳನ್ನು ಅವರು ಇಂಗ್ಲೀಷು ಬೆರೆತ ಕನ್ನಡದಲ್ಲಿ ಬರೆದರು. ಕರ್ಣ, ಏಕಲವ್ಯ ಮೊದಲಾದ ಪುರಾಣಪಾತ್ರಗಳ ಗಂಭೀರ ನಾಟಕಗಳನ್ನು ಇಂಗ್ಲೀಷಿನಲ್ಲಿ ಬರೆದರು. ಅದಕ್ಕಾಗಿ ಅವರನ್ನು ಅರ್ಧ ಹೊರಗಿಟ್ಟವರಾರೂ ಇಲ್ಲ. ಪುರಾಣ ಮತ್ತು ನಗೆ ಎರಡನ್ನೂ ಒಂದೇ ಕಡೆ ಇಂಗ್ಲೀಷಿನಲ್ಲಿ ಇಟ್ಟವನಿಗೆ ಮಾತ್ರ ಬಹಿಷ್ಕಾರವೇಕೆ? ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೆ ಚಿತ್ರ ಬರೆದುಕೊಡುತ್ತಿದ್ದ ಮೈಸೂರಿನ ತರುಣರಲ್ಲಿ ನಾರಾಯಣರ ತಮ್ಮ ಲಕ್ಷ್ಮಣರೂ ಒಬ್ಬರು. ಕನ್ನಡದ ನಗೆಗೂ ಆ ಮನೆಗೂ ನಡುವೆ ಗೋಡೆಯಿರಲಿಲ್ಲ; ಗೋಡೆಯನ್ನು ಎಬ್ಬಿಸಿದವರು ಈಚಿನವರು.

ಶಂಕರನಾಗ್ ಅವರು ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿ, ಅದು 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ಕನ್ನಡನಾಡಿನ ಮನೆಮನೆಗಳಲ್ಲಿ ಜನ ಅದನ್ನು ತಮ್ಮದೆಂದೇ ಕಂಡರು. ಅದರ ಬಹುಪಾಲು ಹಿಂದಿಯಲ್ಲಿತ್ತು! ಹಿಂದಿಯಲ್ಲಿ ಮಾತಾಡಿದ ಮಾಲ್ಗುಡಿ ನಮ್ಮದು, ಇಂಗ್ಲೀಷಿನಲ್ಲಿ ಹುಟ್ಟಿದ ಮಾಲ್ಗುಡಿ ಅನ್ಯರದು ಎಂಬ ತರ್ಕವನ್ನು ಗೌತಮಮುನಿಯೂ ಬಿಡಿಸಲಾರನು. ಯಾದವಗಿರಿಯಲ್ಲಿ ನಾರಾಯಣರು ಕಟ್ಟಿಸಿದ್ದ ಮನೆಯನ್ನು 2011ರಲ್ಲಿ ಕೆಡವತೊಡಗಿದಾಗ ಅದನ್ನು ಉಳಿಸಬೇಕೆಂಬ ಕೂಗೆದ್ದಿತು. ಸಾರ್ವಜನಿಕ ಹಣದಿಂದ ಅದನ್ನು ಸ್ಮಾರಕವಾಗಿಸುವುದನ್ನು ಕನ್ನಡದ ಕೆಲವು ಸಾಹಿತಿಗಳು ಬಹಿರಂಗವಾಗಿ ವಿರೋಧಿಸಿದರು. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹಣದ ವಿಷಯದಲ್ಲಿ ಅವರ ಪ್ರಶ್ನೆ ನ್ಯಾಯವಾದದ್ದೇ. ಕನ್ನಡದ ಎಷ್ಟೋ ಹಿರಿಯರ ಮನೆಗಳು ಹೇಳಹೆಸರಿಲ್ಲದೆ ನೆಲಸಮವಾಗಿವೆ. ಆದರೆ ಆ ಮನೆಗಳನ್ನು ಉಳಿಸದೆಹೋದ ತಪ್ಪು ಮಾಲ್ಗುಡಿಯದಲ್ಲ. ಅದಲ್ಲದೆ, ಕಟ್ಟಡವನ್ನು ಕುರಿತ ವಿವಾದದಲ್ಲಿ ಎರಡು ಪಕ್ಷದವರೂ ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲವೆಂಬುದನ್ನು ನೆನೆದರೆ ನಗು ಬರುತ್ತದೆ. ಮಾಲ್ಗುಡಿಯ ಪುರಸಭೆಯೂ ಹೀಗೆಯೇ ವ್ಯವಹರಿಸುತ್ತಿತ್ತು.

ಎರಡನೆಯ ಕಟ್ಟೆಯವರನ್ನು ಇಷ್ಟು ಸುಲಭವಾಗಿ ದಾಟಲಾಗದು, ಅವರಲ್ಲಿ ಬುದ್ಧಿವಂತರಿದ್ದಾರೆ. ವಿ. ಎಸ್. ನೈಪಾಲರು ಭಾರತವನ್ನು ಕುರಿತ ತಮ್ಮ 1977ರ ಗ್ರಂಥದಲ್ಲಿ ನಾರಾಯಣರ ‘ಮಿಸ್ಟರ್ ಸಂಪತ್’, ‘ದಿ ವೆಂಡರ್ ಆಫ್ ಸ್ವೀಟ್ಸ್’ ಎಂಬ ಕಾದಂಬರಿಗಳನ್ನು ತೆಗೆದುಕೊಂಡು, ಆ ನಗೆಯ ಕೆಳಗೆ ಇರುವುದು ಲೋಕದಿಂದ ಹಿಂದೆಗೆಯುವ ಮನೋಭಾವ, ಎಲ್ಲವೂ ತಾನೇ ಸರಿಹೋಗುತ್ತದೆಂಬ ನಿಷ್ಕ್ರಿಯತೆ ಎಂದು ವಾದಿಸಿದರು. ಈ ಆಕ್ಷೇಪಣೆಯನ್ನು ನರಭಕ್ಷಕನ ಕಥೆಗೂ ಹೂಡಬಹುದು. ಊರಿಗೆ ಊರೇ ರಾಕ್ಷಸನೊಬ್ಬನನ್ನು ಸಹಿಸಿಕೊಂಡಿತು, ಯಾರೂ ಏನೂ ಮಾಡಲಿಲ್ಲ, ಸೊಳ್ಳೆ ಬಂದು ಕಾಪಾಡಿತು, ಇದೆಂಥ ಧರ್ಮ?

ಈ ಪ್ರಶ್ನೆಗೆ ಉತ್ತರವು ಕಾದಂಬರಿಯೊಳಗೇ ಇದೆ. ಗಾಂಭೀರ್ಯದ ಅವಸರದಲ್ಲಿ ಅದನ್ನು ದಾಟಿಹೋಗುವವರೇ ಹೆಚ್ಚು. ವಾಸುವು ಸತ್ತಮೇಲೆ ಮಾಲ್ಗುಡಿಯಲ್ಲಿ ನೆಮ್ಮದಿ ನೆಲಸುವುದಿಲ್ಲ. ಕೊಲೆಯ ಸಂಶಯ ನಟರಾಜನ ಮೇಲೆ ಬೀಳುತ್ತದೆ. ದಿನವೂ ಬಂದು ಕೂಡುತ್ತಿದ್ದ ಕವಿ ಬರುವುದಿಲ್ಲ, ಸೇನ ಬರುವುದಿಲ್ಲ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಅವನು ಜೀವಮಾನವೆಲ್ಲ ಕೂಡಿಟ್ಟ ಸ್ನೇಹವು ಒಂದೇ ರಾತ್ರಿಯಲ್ಲಿ ಕರಗಿಹೋಗುತ್ತದೆ. ಸೊಳ್ಳೆಯ ಕಥೆಯಾದರೂ ಅವನಿಗೆ ತಿಳಿಯುವುದು ಕೊನೆಯಲ್ಲಿ, ಶಾಸ್ತ್ರಿಗಳ ಬಾಯಿಂದ. ಶಾಸ್ತ್ರಿಗಳಿಗೆ ತಿಳಿದದ್ದು ರಂಗಿಯಿಂದ. ಭಸ್ಮಾಸುರನ ದೃಷ್ಟಾಂತವು ಶಾಸ್ತ್ರಿಗಳದು, ಕಾದಂಬರಿಕಾರನದಲ್ಲ. ಪುರಾಣದಿಂದ ಶಾಸ್ತ್ರಿಗಳಿಗೆ ಸಮಾಧಾನವಾಗುತ್ತದೆ. ಓದುಗನಿಗೆ ಅಷ್ಟು ಅಗ್ಗವಾಗಿ ಸಮಾಧಾನವಾಗುವುದಿಲ್ಲ. ಅಚ್ಚುಕೂಟದ ಮುಂದಿನ ಕೋಣೆಯಲ್ಲಿ ಬರಿದಾದ ಕುರ್ಚಿಗಳನ್ನು ಅವನು ನೋಡಿದ್ದಾನೆ. ದಾಕ್ಷಿಣ್ಯವನ್ನು ಇಷ್ಟು ಕರುಣೆಯಿಂದಲೂ ಇಷ್ಟು ನಿಷ್ಠುರವಾಗಿಯೂ ವಿಚಾರಣೆಗೆ ನಿಲ್ಲಿಸಿದ ಉಪದೇಶಗ್ರಂಥವನ್ನು ಗಂಭೀರ ವಿಮರ್ಶಕರು ತೋರಿಸಲಿ.

ಆದರೂ ಒಂದು ದೋಷವನ್ನು ಮುಚ್ಚಿಡತಕ್ಕದ್ದಲ್ಲ. ದೇವಸ್ಥಾನದ ನರ್ತಕಿಯಾದ ರಂಗಿಯನ್ನು ನಟರಾಜನು ನೋಡುವ ನೋಟದಲ್ಲಿ ತಾತ್ಸಾರವೂ ಚಪಲವೂ ಬೆರೆತಿವೆ. ಆ ನೋಟದಿಂದ ಪುಸ್ತಕವು ದೂರ ನಿಲ್ಲುವುದು ತೀರ ಕಡಿಮೆ. ಊರಿನಲ್ಲಿ ಧೈರ್ಯವಾಗಿ ಏನಾದರೂ ಮಾಡಿದವಳು ಅವಳೊಬ್ಬಳೇ. ಆನೆಗೆ ಅಪಾಯವಿದೆಯೆಂದು ಬಂದು ಎಚ್ಚರಿಸಿದವಳು ಅವಳು. ಕೊನೆಯ ನಿಜವನ್ನು ಹೊರಗಿಟ್ಟವಳೂ ಅವಳೇ. ಗಂಡಸರೆಲ್ಲ ಚಂದಾ ಪಟ್ಟಿ ಹಿಡಿದು ಉತ್ಸವದ ಸಂಭ್ರಮದಲ್ಲಿದ್ದರು. ಇಷ್ಟಾದರೂ ಅವಳಿಗೆ ಸಂದ ಗೌರವ ಅಲ್ಪ. ಮಾಲ್ಗುಡಿಯ ನಗೆಯು ಮೇಲ್ಬೀದಿಯ ಜಗಲಿಯಿಂದ ಕಾಣುವಷ್ಟನ್ನೇ ಕಾಣುತ್ತದೆ. ಅದಕ್ಕಿಂತ ಕೆಳಗಿನ ಕೇರಿಯ ನೋವಿಗೆ ಅದರಲ್ಲಿ ಕಿವಿಯಿಲ್ಲವೆಂಬ ದೂರು ನಿರಾಧಾರವಲ್ಲ. ಈ ದೂರನ್ನು ಪುಸ್ತಕವನ್ನು ಓದಿದವರು ಹೇಳಿದರೆ ಅದು ವಿಮರ್ಶೆ. ಓದದವರು ಹೇಳಿದರೆ ಅದು ಸುಂಕ.

ನಾರಾಯಣರ ಇಂಗ್ಲೀಷು ಸಪ್ಪೆಯೆಂಬ ಮಾತೂ ಉಂಟು. ಅವರು 2001ರಲ್ಲಿ ತೀರಿಕೊಂಡ ಕೆಲವು ವಾರಗಳಲ್ಲಿಯೇ ಶಶಿ ತರೂರರು ಇಂಥದೇ ಅಭಿಪ್ರಾಯವನ್ನು ಪತ್ರಿಕೆಯಲ್ಲಿ ಬರೆದರು. ಕಥೆಯನ್ನು ಹೇಳುತ್ತಿರುವವನು ಅಚ್ಚುಕೂಟದ ನಟರಾಜ. ಲಗ್ನಪತ್ರಿಕೆ, ಸೋಡಾ ಚೀಟಿ ಅಚ್ಚುಹಾಕಿ ಬಾಳುವವನು. ಅವನು ಮಿಲ್ಟನ್ನನಂತೆ ಮಾತಾಡಿದ್ದರೆ ಸೊಳ್ಳೆಗೂ ಚಕ್ರಾಯುಧಕ್ಕೂ ಇರುವ ಅಂತರ ಅಳಿಸಿಹೋಗುತ್ತಿತ್ತು, ನಗೆಯೂ ಅದರೊಡನೆ ಹೋಗುತ್ತಿತ್ತು. ಈ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ.

ಇನ್ನು ಮೂರನೆಯ ಕಟ್ಟೆಯವರು. ಇವರೇ ಎಲ್ಲರಿಗಿಂತ ಅಪಾಯಕಾರಿಗಳು, ಏಕೆಂದರೆ ಇವರು ಮಿತ್ರರ ವೇಷದಲ್ಲಿದ್ದಾರೆ. ಗ್ರಹಾಂ ಗ್ರೀನರು ಹಸ್ತಪ್ರತಿಯನ್ನು ಮೆಚ್ಚಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಗುವಂತೆ ಮಾಡಿದ್ದು ನಿಜ. ಅದು ಗ್ರೀನರ ರಸಿಕತೆಗೆ ಸಾಕ್ಷಿ. ಆದರೆ ಮಾಲ್ಗುಡಿ ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭದಿನದಲ್ಲಿ, ಒಂದು ಬರೆವಣಿಗೆಯ ಪುಸ್ತಕದ ಮೊದಲ ಹಾಳೆಯ ಮೇಲೆ. ಅಜ್ಜಿಯ ಪಂಚಾಂಗವನ್ನು ಮರೆತು ಗ್ರೀನರ ಪ್ರಶಸ್ತಿಪತ್ರವನ್ನೇ ಗೋಡೆಗೆ ತೂಗುಹಾಕುವವರು ಕಾದಂಬರಿಯನ್ನು ಕೊಲ್ಲುವುದಿಲ್ಲ; ವಾಸುವಿನಂತೆ ಚರ್ಮ ಸುಲಿದು, ಒಳಗೆ ಹುಲ್ಲು ತುಂಬಿ, ಗಾಜಿನ ಕಣ್ಣಿಟ್ಟು ನಿಲ್ಲಿಸುತ್ತಾರೆ. ಕಾಲೇಜುಗಳಲ್ಲಿ ನಡೆಯುವುದೂ ಇದೇ. ‘ಮಾಲ್ಗುಡಿಯು ಭಾರತದ ಪ್ರತಿರೂಪವೆಂಬುದನ್ನು ವಿವರಿಸಿ’ ಎಂಬ ಬಗೆಯ ಪ್ರಶ್ನೆಗೆ ಉತ್ತರವನ್ನು ಕಂಠಪಾಠಮಾಡಿ ಹತ್ತು ಅಂಕ ಗಳಿಸಿದ ವಿದ್ಯಾರ್ಥಿಯು ವಾಯಿದೆ ವಕೀಲನ ಪ್ರಸಂಗದಲ್ಲಿ ಒಮ್ಮೆಯೂ ನಗದೆ ಪದವೀಧರನಾಗಿರುತ್ತಾನೆ. ಅವನ ಮನೆಯಲ್ಲಿ ಆ ಪುಸ್ತಕವನ್ನು ಮುಂದೆ ಯಾರೂ ತೆರೆಯುವುದಿಲ್ಲ.

ಇದಕ್ಕೆ ಮದ್ದು ದೊಡ್ಡ ವ್ಯವಸ್ಥೆಯನ್ನೇನೂ ಬೇಡುವುದಿಲ್ಲ. ರಾತ್ರಿ ಊಟವಾದ ಮೇಲೆ ಇಂಗ್ಲೀಷು ಬಲ್ಲ ಮಗಳು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಲಿ. ಇಂಗ್ಲೀಷು ಬಾರದ ಅಜ್ಜಿಗೆ ಆಗಲೇ ಕನ್ನಡದಲ್ಲಿ ಹೇಳಲಿ. ಒಂದುಚ್ಚಾರದ ಪದಗಳ ಕವಿಯ ಬಳಿ ಅವಳು ತಡವರಿಸಬಹುದು. ಅದನ್ನು ಕನ್ನಡಕ್ಕೆ ತರುವುದು ಕಷ್ಟ. ಉಳಿದುದೆಲ್ಲ ಸುಲಭವಾಗಿ ಬರುತ್ತದೆ. ಕಥೆಯಲ್ಲಿ ವಾಸುವು ಗರುಡಪಕ್ಷಿಯೊಂದನ್ನು ಕೊಂದು ತುಂಬಿಡುತ್ತಾನೆ. ವಿಷ್ಣುವಿನ ವಾಹನವನ್ನೇ ಕೊಂದೆಯಲ್ಲಾ ಎಂದು ನಟರಾಜನು ನಡುಗಿದರೆ, ಭಕ್ತರು ಗರುಡನಿಗಾಗಿ ಇನ್ನು ಮುಗಿಲು ನೋಡುತ್ತ ನಿಲ್ಲಬೇಕಾಗಿಲ್ಲ, ಬಾಗಿಲಲ್ಲೇ ಇಟ್ಟುಕೊಂಡು ದರ್ಶನ ಪಡೆಯಬಹುದೆಂದು ವಾಸು ವ್ಯಾಪಾರದ ಲೆಕ್ಕ ಹೇಳುತ್ತಾನೆ. ಆ ಭಾಗವನ್ನು ಕೇಳಿದ ಅಜ್ಜಿ ಮೊದಲು ‘ರಾಮ ರಾಮ’ ಎನ್ನುವಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವಳು. ಸುಂಕದವರು ಆ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತರೆ, ಅವರನ್ನು ಒಳಗೆ ಕರೆಯಬೇಕೋ ಬೇಡವೋ ಎಂಬುದರಲ್ಲಿ ಆ ಮನೆಯವರು ದಾಕ್ಷಿಣ್ಯ ಮಾಡಬೇಕಾದ್ದಿಲ್ಲ.